ಹಳೇ ಗೇರ್ ಸೈಕಲ್ಲಿನ ಶಾಕಬ್ಸರ್ ಹೋಯ್ತಾ? ಹೊಸ ಫೋರ್ಕ್ ತರಿಸೋ ಮುಂಚೆ ಈ ಅಳತೆ ತಗೊಳ್ಳಿ

ಹತ್ತು ಹದಿನೈದು ವರ್ಷದ ಹಿಂದೆ ತಗೊಂಡ ಗೇರ್ ಸೈಕಲ್‌ಗಳು ನಮ್ಮ ತಾಲ್ಲೂಕಿನಲ್ಲಿ ಇನ್ನೂ ಓಡ್ತಾನೇ ಇವೆ. ಅಣ್ಣ ಕಾಲೇಜಿಗೆ ಓಡಿಸಿದ್ದು ತಮ್ಮನ ಕೈಗೆ ಬರುತ್ತೆ, ತಮ್ಮ ಬೈಕ್ ತಗೊಂಡ ಮೇಲೆ ಅದೇ ಸೈಕಲ್ ಡೇರಿಗೆ ಹಾಲು ಹಾಕೋಕೆ ಹೋಗುತ್ತೆ. ಫ್ರೇಮು ಗಟ್ಟಿಯಾಗೇ ಇರುತ್ತೆ. ಮೊದಲು ಕೈಕೊಡೋದು ಮುಂದಿನ ಶಾಕಬ್ಸರ್ ಫೋರ್ಕು. ಅಂಗಡಿಗೆ ಹೋದರೆ "ಇದಕ್ಕೆ ಈಗ ಸಾಮಾನು ಬರಲ್ಲ, ಹೊಸ ಸೈಕಲ್ಲೇ ತಗೊಳ್ಳಿ" ಅನ್ನೋ ಉತ್ತರ.

ಸಾಮಾನು ಬರುತ್ತೆ. ಆದರೆ ಫೋನ್ ಮಾಡಿ "26 ಇಂಚಿನ ಸೈಕಲ್ಲಿಗೆ ಒಂದು ಫೋರ್ಕ್ ಕಳಿಸಿ" ಅಂದರೆ ಸರಿಯಾದದ್ದು ಬರೋದು ಅದೃಷ್ಟದ ಮೇಲೆ. ಬಂದದ್ದು ಕೂರದಿದ್ದರೆ ಗಿರಾಕಿ ಅಡ್ವಾನ್ಸ್ ವಾಪಸ್ ಕೇಳ್ತಾನೆ, ಸಾಮಾನು ಅಂಗಡಿಯವರ ತಲೆ ಮೇಲೆ ಉಳಿಯುತ್ತೆ. ಇನ್ನೂ ಕೆಟ್ಟದ್ದು ಅಂದ್ರೆ ಹೇಗೋ ಕೂರಿಸಿ ಕಳಿಸೋದು.

ಮೊದಲು ಕೆಟ್ಟಿರೋದು ಫೋರ್ಕೇ ಹೌದಾ ಅಂತ ನೋಡಿ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನ ಹಿಂದೆ ಮುಂದೆ ಅಲ್ಲಾಡಿಸಿ. ಹ್ಯಾಂಡಲ್ ಕೆಳಗಿನ ಬಾಲ್ ರೇಸ್ ಹತ್ರ ಬೆರಳಿಟ್ಟಾಗ ಅಲ್ಲೇ ಟಕ್ ಟಕ್ ಅಂದರೆ ಬಾಲ್ ರೇಸ್ ಸಡಿಲ ಆಗಿದೆ, ಟೈಟ್ ಮಾಡಿದ್ರೆ ಸಾಕು. ಫೋರ್ಕಿನ ಎರಡು ಕಾಲುಗಳಲ್ಲಿ ಆಟ ಕಂಡರೆ, ಅಥವಾ ಒತ್ತಿದ್ದು ಮೇಲೇಳದೇ ಇದ್ದರೆ ಫೋರ್ಕಿನದ್ದೇ ಸಮಸ್ಯೆ. ಬರೀ ಬಿಗಿಯಾಗಿದ್ದರೆ ಬಿಚ್ಚಿ, ತೊಳೆದು, ಗ್ರೀಸ್ ಹಾಕಿ ನೋಡಿ. ಸ್ಪ್ರಿಂಗಿನ ಸಾದಾ ಫೋರ್ಕುಗಳು ಅಷ್ಟಕ್ಕೇ ಸರಿಹೋಗೋದುಂಟು.

ಬದಲಾಯಿಸಲೇಬೇಕು ಅಂದರೆ ಎಲ್ಲಾ ನಿಂತಿರೋದು ಫೋರ್ಕಿನ ಮೇಲ್ತುದಿಯ ಪೈಪಿನ ಮೇಲೆ, ಅಂದರೆ ಫ್ರೇಮಿನ ಮುಂದಿನ ಗಿಡ್ಡ ಪೈಪಿನೊಳಗೆ ಹೋಗಿ ಹ್ಯಾಂಡಲ್ ಹಿಡಿಯೋ ಪೈಪು. ಅದು ಎರಡು ದಪ್ಪದಲ್ಲಿ ಸಿಗುತ್ತೆ. ಹಳೇದು 1 ಇಂಚು, ಅಂದರೆ 25.4 ಮಿ.ಮೀ. ಆಮೇಲೆ ಬಂದದ್ದು ಒಂದೂಕಾಲಿಗಿಂತ ಸ್ವಲ್ಪ ಕಮ್ಮಿ, 28.6 ಮಿ.ಮೀ. ವರ್ನಿಯರ್ ಇಲ್ಲದಿದ್ದರೆ ಚಿಂತೆ ಬೇಡ. ಥ್ರೆಡ್ ಇಲ್ಲದ ಜಾಗದಲ್ಲಿ ಪೈಪಿಗೆ ಒಂದು ಸುತ್ತು ದಾರ ಸುತ್ತಿ, ಬಿಚ್ಚಿ ಸ್ಕೇಲಿನ ಮೇಲಿಡಿ. 8 ಸೆಂ.ಮೀ. ಬಂದರೆ 1 ಇಂಚಿನದು, 9 ಬಂದರೆ ದಪ್ಪದ್ದು. ಫೋರ್ಕ್ ಬಿಚ್ಚದೆ ತಿಳಿಬೇಕಾ? ಬಾಲ್ ರೇಸ್ ಮೇಲಿನ ದೊಡ್ಡ ನಟ್ಟಿಗೆ 32ರ ಸ್ಪ್ಯಾನರ್ ಕೂತರೆ ಸಾಮಾನ್ಯವಾಗಿ ಸಣ್ಣದು, 36 ಕೂತರೆ ದಪ್ಪದ್ದು.

ಆ ನಟ್ಟೇ ಇಲ್ಲದೆ, ಹ್ಯಾಂಡಲ್ ಸ್ಟೆಮ್ಮು ಪೈಪನ್ನ ಹೊರಗಿನಿಂದ ಪಕ್ಕದ ಎರಡು ಬೋಲ್ಟಲ್ಲಿ ಅಪ್ಪಿ ಹಿಡಿದಿದ್ದರೆ ನಿಮ್ಮದು ಥ್ರೆಡ್ ಇಲ್ಲದ ಮಾದರಿ. ಇದು ಸುಲಭ. ಪೈಪು ಉದ್ದ ಬಂದರೆ ಕತ್ತರಿಸಬಹುದು, ಮೇಲೆ ಸ್ಪೇಸರ್ ಹಾಕಬಹುದು. ಗಿಡ್ಡ ಬಂದರೆ ಮಾತ್ರ ಏನೂ ಮಾಡಕ್ಕಾಗಲ್ಲ. ವೆಲ್ಡಿಂಗ್ ಮಾಡಿಸ್ತೀನಿ ಅನ್ನೋರಿದಾರೆ, ದಯವಿಟ್ಟು ಬೇಡ. ಇಳಿಜಾರಲ್ಲಿ ಆ ಜಾಯಿಂಟ್ ಮುರಿದರೆ ಹ್ಯಾಂಡಲ್ ಕೈಯಲ್ಲೇ ಇರುತ್ತೆ, ಚಕ್ರ ಬೇರೆ ಕಡೆ ಹೋಗಿರುತ್ತೆ.

ಸ್ಟೆಮ್ಮು ಪೈಪಿನೊಳಗೆ ಇಳಿದು, ನೆತ್ತಿ ಮೇಲೆ ಒಂದೇ ಬೋಲ್ಟ್ ಇದ್ದರೆ ಅದು ಥ್ರೆಡ್ ಇರೋದು. ಇದರಲ್ಲಿ ಉದ್ದವೂ, ಥ್ರೆಡ್ ಎಲ್ಲಿಂದ ಶುರು ಅನ್ನೋದೂ ಹಳೇದಕ್ಕೆ ಹೊಂದಬೇಕು. ದಪ್ಪ ಪೈಪಿನ ಫ್ರೇಮಾದರೆ ಥ್ರೆಡ್ ಇಲ್ಲದ ಫೋರ್ಕಿಗೆ ಬದಲಾಯಿಸಬಹುದು. ಆದರೆ ಬಾಲ್ ರೇಸ್ ಸೆಟ್ಟು, ಸ್ಟೆಮ್ಮು ಎರಡೂ ಹೊಸದು ಬೇಕು, ಆ ಖರ್ಚನ್ನ ಗಿರಾಕಿಗೆ ಮೊದಲೇ ಹೇಳಿಬಿಡಿ. ಈಗಿನ ದುಬಾರಿ ಫೋರ್ಕುಗಳ ಪೈಪು ಮೇಲೆ 28.6 ಇದ್ದರೂ ಕೆಳಗೆ ಒಂದೂವರೆ ಇಂಚಿಗೆ ಅಗಲ ಆಗುತ್ತೆ. ಫೋಟೋದಲ್ಲಿ ಚೆನ್ನಾಗೇ ಕಾಣುತ್ತೆ, ಹಳೇ ಫ್ರೇಮಿನೊಳಗೆ ಹೋಗಲ್ಲ.

ಇನ್ನು ಬ್ರೇಕು. ಎಡವಟ್ಟು ಜಾಸ್ತಿ ಆಗೋದು ಇಲ್ಲೇ. ಹಳೇ ಸೈಕಲ್ಲಿನ ಬ್ರೇಕ್ ಶೂ ರಿಮ್ಮನ್ನ ಹಿಡಿಯುತ್ತೆ, ಅದಕ್ಕೆ ಫೋರ್ಕಿನಲ್ಲಿ ಎರಡು ಗೂಟ ಇರಬೇಕು. ಹೊಸ ಫೋರ್ಕುಗಳಲ್ಲಿ ಬಹಳಷ್ಟಕ್ಕೆ ಡಿಸ್ಕ್ ಬ್ರೇಕಿನ ಜಾಗ ಮಾತ್ರ. ನಿಮ್ಮ ಹಬ್ಬಿಗೆ ಡಿಸ್ಕ್ ಕೂರಿಸೋ ವ್ಯವಸ್ಥೆ ಇಲ್ಲದಿದ್ದರೆ ಚಕ್ರವನ್ನೇ ಬದಲಾಯಿಸಬೇಕು. 27.5 ಇಂಚಿನ ಫೋರ್ಕಿಗೆ 26ರ ಚಕ್ರ ಹಾಕಿದರೆ ಒಳಗೇನೋ ತಿರುಗುತ್ತೆ, ಆದರೆ ಗೂಟಗಳು 12.5 ಮಿ.ಮೀ. ಮೇಲಿರುತ್ತವೆ. ಶೂ ರಿಮ್ಮಿಗೆ ಬದಲು ಟೈರಿಗೆ ಉಜ್ಜುತ್ತೆ. ಆಗ ಕೆಲವರು ಮುಂದಿನ ಬ್ರೇಕನ್ನೇ ಬಿಚ್ಚಿ "ಹಿಂದಿಂದು ಸಾಕು" ಅಂತ ಕಳಿಸ್ತಾರೆ. ಸೈಕಲ್ ನಿಲ್ಲಿಸೋದ್ರಲ್ಲಿ ದೊಡ್ಡ ಪಾಲು ಮುಂದಿನ ಬ್ರೇಕಿಂದೇ. ಹೈವೇ ದಾಟಿ ಸ್ಕೂಲಿಗೆ ಹೋಗೋ ಮಕ್ಕಳಿಗೆ ಹಾಗೆ ಕೊಡಬಾರದು.

ಆಕ್ಸಲ್ಲೂ ನೋಡಿ. ಹಳೇದರಲ್ಲಿ ಎರಡು ಕಾಲಿನ ಮಧ್ಯೆ 100 ಮಿ.ಮೀ. ಜಾಗ, ತುದಿಯಲ್ಲಿ ತೆರೆದ ಕಚ್ಚು ಇರುತ್ತೆ. 15 ಮಿ.ಮೀ. ತೂರು ಆಕ್ಸಲ್ಲಿನ ಫೋರ್ಕು ತಂದರೆ ಹಬ್ಬೂ ಬೇರೆ ಬೇಕಾಗುತ್ತೆ.

ಕೊನೆಗೆ ಎತ್ತರ. ಆಕ್ಸಲ್ ಮಧ್ಯದಿಂದ ಕೆಳಗಿನ ಬಾಲ್ ರೇಸ್ ಕೂರೋ ಜಾಗದವರೆಗೆ ಅಳೆಯಿರಿ. ಹೊಸದು 20 ಮಿ.ಮೀ. ಜಾಸ್ತಿ ಆದರೆ ಮುಂಭಾಗದ ಕೋನ ಹೆಚ್ಚುಕಮ್ಮಿ ಒಂದು ಡಿಗ್ರಿ ಮಲಗುತ್ತೆ, ತಿರುವಲ್ಲಿ ಹ್ಯಾಂಡಲ್ ಭಾರ ಅನ್ಸುತ್ತೆ. ಅದಕ್ಕಿಂತ ಜಾಸ್ತಿ ಹೋದರೆ ಫ್ರೇಮಿನ ಮುಂದಿನ ಜಾಯಿಂಟಿಗೆ ಒತ್ತಡ. ಸ್ಪ್ರಿಂಗ್ ಕುಸಿದಿರೋ ಫೋರ್ಕನ್ನ ಹಾಗೇ ಅಳೆದರೆ ಲೆಕ್ಕ ತಪ್ಪುತ್ತೆ, ಕಾಲುಗಳನ್ನ ಪೂರ್ತಿ ಎಳೆದು ಅಳೆಯಿರಿ. 80 ಮಿ.ಮೀ. ಆಡೋ ಫೋರ್ಕಿದ್ದ ಸೈಕಲ್ಲಿಗೆ 80 ಅಥವಾ 100ರದು ನಡೆಯುತ್ತೆ. 120 ಬೇಡ.

ನನ್ನ ಕೇಳಿದ್ರೆ, ಟಾರ್ ರಸ್ತೆಯಲ್ಲೇ ಓಡಾಡೋರಿಗೆ ಶಾಕಬ್ಸರ್ ಬೇಕಾಗೇ ಇಲ್ಲ. ಅದೇ ಎತ್ತರದ ಸಾದಾ ಸ್ಟೀಲ್ ಫೋರ್ಕು ಹಾಕಿಸಿದ್ರೆ ತೂಕ ಕಮ್ಮಿ, ರಿಪೇರಿ ಕಮ್ಮಿ. ಹೊಲದ ದಾರಿ, ಜಲ್ಲಿ ರಸ್ತೆ ಇದ್ದೋರದ್ದು ಬೇರೆ ಮಾತು.

ಆರ್ಡರ್ ಕೊಡುವಾಗ ಪೈಪಿನ ದಪ್ಪ, ಥ್ರೆಡ್ ಇದೆಯೋ ಇಲ್ಲವೋ, ಪೈಪಿನ ಉದ್ದ, ಬ್ರೇಕು, ಆಕ್ಸಲ್, ಎತ್ತರ ಎಲ್ಲಾ ಒಂದು ಚೀಟಿಯಲ್ಲಿ ಬರೆದು, ಹಳೇ ಫೋರ್ಕಿನ ಪಕ್ಕ ಟೇಪ್ ಇಟ್ಟು ತೆಗೆದ ಫೋಟೋ ಜೊತೆ ವಾಟ್ಸಾಪ್ ಮಾಡಿ. ಹಳೇ ಫೋರ್ಕಿನ ಬುಡದಲ್ಲಿ ಕೂತಿರೋ ಬಾಲ್ ರೇಸ್ ಬಳೆಯನ್ನ ಗುಜರಿಗೆ ಹಾಕ್ಬೇಡಿ, ಸವೆದಿಲ್ಲದಿದ್ದರೆ ಹೊಸದಕ್ಕೆ ಅದನ್ನೇ ಬಡಿದು ಕೂರಿಸಬೇಕಾಗುತ್ತೆ.