ಇಂದಿನ ರೊಟ್ಟಿ, ನಾಳಿನ ಚಿಂತೆ

ತಿಂಗಳ ಇಪ್ಪತ್ತೈದನೆಯ ತಾರೀಖು ದಾಟಿತೆಂದರೆ ನಮ್ಮಂಥ ಗೃಹಿಣಿಯರ ತಲೆಯೊಳಗೆ ಒಂದು ಗಣಿತ ಶುರುವಾಗುತ್ತದೆ, ಅಲ್ಲವೇ? ಅಕ್ಕಿ ಇನ್ನೆಷ್ಟು ದಿನಕ್ಕೆ ಸಾಕು, ಸಿಲಿಂಡರ್ ಒಂದನೇ ತಾರೀಖಿನವರೆಗೆ ಬಂದೀತೇ, ಹಾಲಿನವನ ಲೆಕ್ಕ ಎಷ್ಟಾಯಿತು? ಈ ಗಣಿತಕ್ಕೆ ಜಾತಿಯಿಲ್ಲ, ಮತವಿಲ್ಲ. ನಾನು ಕ್ರೈಸ್ತಳು. ಉಡುಪಿಯ ಕಡೆ ಬಾಸೆಲ್ ಮಿಶನ್ ಸಭೆಯ ಮನೆತನದಲ್ಲಿ ಹುಟ್ಟಿ, ಮದುವೆಯಾಗಿ ಪುಣೆಗೆ ಬಂದವಳು. ನಮ್ಮ ಸಂಘದ ಓದುಗರಲ್ಲಿ ಹೆಚ್ಚಿನವರು ದೇವರನ್ನು ಬೇರೆ ಹೆಸರಿನಿಂದ ಕರೆಯುವವರು. ಆದರೂ ‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ’ ಎಂಬ ಗಾದೆಯನ್ನು ನಾವೆಲ್ಲರೂ ಹೇಳುತ್ತೇವೆ. ಹೇಳುವುದು ಸುಲಭ. ಅದನ್ನು ನಂಬಿ ಒಂದು ತಿಂಗಳು ಬದುಕುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಾದದ್ದು 2020ರಲ್ಲಿ.

ಆ ವರ್ಷದ ಮಾರ್ಚ್ ಕೊನೆಯಲ್ಲಿ ದೇಶಕ್ಕೆಲ್ಲ ಬೀಗ ಬಿದ್ದುದು ನಿಮಗೆ ನೆನಪಿದೆ. ಏಪ್ರಿಲ್‌ನಲ್ಲಿ ನಮ್ಮ ಯಜಮಾನರಿಗೆ ಅರ್ಧ ಸಂಬಳ ಬಂತು, ಮೇ ತಿಂಗಳಲ್ಲಿ ಅದೂ ಇಲ್ಲ. ಜೂನ್‌ನಲ್ಲಿ ಫೋನ್ ಮಾಡಿ, ಇನ್ನು ಬರುವುದು ಬೇಡ ಎಂದರು. ಇಪ್ಪತ್ತೆರಡು ವರ್ಷದ ನೌಕರಿ ಎರಡು ನಿಮಿಷದ ಮಾತಿನಲ್ಲಿ ಮುಗಿಯಿತು. ಮಗನ ಕಾಲೇಜಿನ ಕೊನೆಯ ವರ್ಷದ ಫೀಸು ಬಾಕಿಯಿತ್ತು. ಮನೆಯ ಸಾಲದ ಕಂತು ಮುಂದೂಡಲು ಬ್ಯಾಂಕಿನವರು ಅವಕಾಶ ಕೊಟ್ಟರೇನೋ ಸರಿ, ಬಡ್ಡಿ ಮಾತ್ರ ನಿಲ್ಲಲಿಲ್ಲ.

ಅಡುಗೆಮನೆಯಲ್ಲಿ ಅಕ್ಕಿ ಡಬ್ಬಿಯ ಹಿಂದೆ ಒಂದು ಸ್ಟೀಲಿನ ಡಬ್ಬಿಯಲ್ಲಿ ನಾನು ಉಳಿಸಿಟ್ಟಿದ್ದ ಹದಿನಾಲ್ಕು ಸಾವಿರ ರೂಪಾಯಿ ಇತ್ತು. ದಿನಕ್ಕೆರಡು ಸಲ ಅದನ್ನು ತೆಗೆದು ಎಣಿಸುತ್ತಿದ್ದೆ. ಎಣಿಸಿದರೆ ಹಣ ಹೆಚ್ಚುತ್ತದೆಯೇ! ಅದೇ ಹೊತ್ತಿಗೆ ನಮ್ಮ ಮನೆಗೆಲಸದ ಮಾವಶಿಯ ಫೋನ್ ಬಂತು. ಸೊಸೈಟಿಯ ಗೇಟಿನೊಳಗೆ ಅವರನ್ನು ಬಿಡುತ್ತಿರಲಿಲ್ಲ. ಕೆಲಸವಿಲ್ಲ, ಪಗಾರವೂ ಇಲ್ಲ. “ತಾಯಿ, ಏನಾದರೂ ನೋಡಿ” ಎಂದರು. ನಾನು “ನೋಡೋಣ” ಎಂದು ಫೋನ್ ಇಟ್ಟೆ. ಆ ‘ನೋಡೋಣ’ದ ಅರ್ಥ ‘ಇಲ್ಲ’ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಮರುದಿನ ಭಾನುವಾರ. ಫೋನಿನಲ್ಲೇ ಆರಾಧನೆ. ದೇವರೇ ನನ್ನ ಆಶ್ರಯವೆಂದು ಎಲ್ಲರೊಡನೆ ಗಟ್ಟಿಯಾಗಿ ಹಾಡಿದೆ. ಹಾಡುತ್ತಿದ್ದಾಗ ಕಣ್ಣು ಮಾತ್ರ ಆ ಡಬ್ಬಿಯ ಮೇಲೆಯೇ ಇತ್ತು.

ಆಗ ನನಗೆ ನೆನಪಾದವರು ಪಂಡಿತಾ ರಮಾಬಾಯಿ. ಪುಣೆಯಿಂದ ಸೊಲ್ಲಾಪುರದ ಕಡೆ ಹೋಗುವ ರೈಲಿನಲ್ಲಿ ಸುಮಾರು ಅರವತ್ತು ಕಿಲೋಮೀಟರ್ ಹೋದರೆ ಕೇಡಗಾಂವ್ ಸಿಗುತ್ತದೆ. ಅವರು ಕಟ್ಟಿದ ಮುಕ್ತಿ ಆಶ್ರಮ ಇರುವುದು ಅಲ್ಲಿ. ಮದುವೆಯಾದ ಹೊಸತರಲ್ಲಿ ಸಭೆಯವರೊಡನೆ ನಾನೂ ಹೋಗಿದ್ದೆ. ಅವರು ನಮ್ಮ ಕಡೆಯವರೇ ಎಂಬುದು ಎಷ್ಟು ಜನಕ್ಕೆ ಗೊತ್ತು? ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಹೆಣ್ಣುಮಕ್ಕಳಿಗೆ ಸಂಸ್ಕೃತ ಕಲಿಸಬಾರದೆನ್ನುತ್ತಿದ್ದ ಕಾಲದಲ್ಲಿ ಶಾಸ್ತ್ರಿಗಳು ಹೆಂಡತಿಗೆ ಕಲಿಸಿದರು, ಆ ತಾಯಿ ಮಗಳಿಗೆ ಕಲಿಸಿದರು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಮೂವರನ್ನೂ ರಮಾಬಾಯಿ ಕಳೆದುಕೊಂಡರು. ಹಸಿವೆಂದರೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಅವರಿಗೆ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. 1880ರಲ್ಲಿ ಮದುವೆ, 1882ರಲ್ಲಿ ವೈಧವ್ಯ. ಕೈಯಲ್ಲಿ ಮನೋರಮಾ ಎಂಬ ಎಳೆಯ ಮಗಳು.

1883ರಲ್ಲಿ ಇಂಗ್ಲೆಂಡಿನಲ್ಲಿ ಅವರು ಕ್ರೈಸ್ತಧರ್ಮಕ್ಕೆ ಸೇರಿದರು. ಇದರಿಂದ ನೊಂದವರಿದ್ದರು, ಟೀಕಿಸಿದವರೂ ಇದ್ದರು. ವಿಧವೆಯರಿಗಾಗಿ 1889ರಲ್ಲಿ ಮುಂಬಯಿಯಲ್ಲಿ ತೆರೆದ ‘ಶಾರದಾ ಸದನ’ ಮರುವರ್ಷ ಪುಣೆಗೆ ಬಂತು. 1893ರಲ್ಲಿ ಇದೇ ವಿಷಯಕ್ಕೆ ವಿವಾದವೆದ್ದು ಪುಣೆಯ ಹಿರಿಯ ಸಲಹೆಗಾರರು ಹಿಂದೆ ಸರಿದರು. ಆ ವಾದವನ್ನು ಇಲ್ಲಿ ಕೆದಕುವುದು ನನ್ನ ಉದ್ದೇಶವಲ್ಲ. ನನಗೆ ಮುಖ್ಯವಾಗಿ ಕಂಡದ್ದು ಮುಂದಿನ ಸಂಗತಿ.

ಸದನದ ಖರ್ಚಿಗೆ ಅಮೆರಿಕದ ಹಿತೈಷಿಗಳು ಹತ್ತು ವರ್ಷ ಹಣ ಕಳುಹಿಸುವ ಮಾತು ಕೊಟ್ಟಿದ್ದರು. ಹತ್ತು ವರ್ಷ ಮುಗಿದ ಮೇಲೆ ಏನು? ರಮಾಬಾಯಿ ಸುಮ್ಮನೆ ಕೂರಲಿಲ್ಲ. ಆದಾಯ ಬರಲೆಂದು ಕೇಡಗಾಂವಿನಲ್ಲಿ ಜಮೀನು ಕೊಂಡು ಹಣ್ಣಿನ ಗಿಡ ನೆಡಿಸಿದರು, ಬಾವಿ ತೋಡಿಸಿದರು. ಅಷ್ಟರಲ್ಲಿ 1896-97ರಲ್ಲಿ ಮಧ್ಯಪ್ರಾಂತದಲ್ಲಿ ಭೀಕರ ಬರ ಬಂತು. ಹಸಿದು ಬೀದಿಪಾಲಾದ ಹೆಣ್ಣುಮಕ್ಕಳನ್ನು ಕಂಡು ಅವರು ನೂರಾರು ಮಂದಿಯನ್ನು ಕರೆತಂದರು. ಅವರಿಗೆ ಅನ್ನ ಹಾಕಲು ಯಾರೂ ಮಾತು ಕೊಟ್ಟಿರಲಿಲ್ಲ. ಪುಣೆಯಲ್ಲಿ ಪ್ಲೇಗು ಹರಡಿ ಅಲ್ಲಿಯೂ ಇಟ್ಟುಕೊಳ್ಳುವಂತಿರಲಿಲ್ಲ. ತೋಟಕ್ಕೆಂದು ಕೊಂಡ ಬಯಲಿನಲ್ಲೇ ಗುಡಿಸಲು ಎದ್ದವು. 1900ರ ಗುಜರಾತಿನ ಬರದ ಹೊತ್ತಿಗೆ ಅಲ್ಲಿ ಸುಮಾರು ಎರಡು ಸಾವಿರ ಮಂದಿ ಇದ್ದರು!

ಅವರಿಗೆ ಈ ಧೈರ್ಯ ಎಲ್ಲಿಂದ ಬಂತು? ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಜಾರ್ಜ್ ಮುಲ್ಲರ್ ಎಂಬವರು 1836ರಿಂದ ಅನಾಥಾಲಯ ನಡೆಸುತ್ತಿದ್ದರು. ಯಾರ ಬಳಿಯೂ ಹಣ ಕೇಳದೆ, ಕೊರತೆಯನ್ನು ದೇವರ ಮುಂದೆ ಮಾತ್ರ ಹೇಳಿಕೊಂಡು, ತಮ್ಮ ಜೀವಮಾನದಲ್ಲಿ ಸುಮಾರು ಹತ್ತು ಸಾವಿರ ಮಕ್ಕಳನ್ನು ಸಾಕಿದವರು. ಅವರ ಜೀವನಚರಿತ್ರೆಯನ್ನು ಓದಿದ ರಮಾಬಾಯಿ, ನಮ್ಮ ದೇಶದಲ್ಲಿಯೂ ದೇವರನ್ನು ಹೀಗೆ ನಂಬಿ ನಡೆಯಬಾರದೇಕೆ ಎಂದುಕೊಂಡರು. ಹಾಗೆಂದು ಕೈಕಟ್ಟಿ ಕೂತು ಪ್ರಾರ್ಥಿಸಲಿಲ್ಲ. ಮುಕ್ತಿಯ ಹುಡುಗಿಯರು ನೇಯ್ದರು, ಉತ್ತರು, ಹೈನು ನೋಡಿಕೊಂಡರು, ಮುದ್ರಣಾಲಯ ನಡೆಸಿದರು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ನಮ್ಮ ಗಾದೆಗೂ ಅವರ ಪ್ರಾರ್ಥನೆಗೂ ಜಗಳವಿರಲಿಲ್ಲ.

ಬೈಬಲಿನಲ್ಲಿ ಒಂದು ಪ್ರಸಂಗವಿದೆ. ಅರಣ್ಯದಲ್ಲಿ ನಡೆಯುತ್ತಿದ್ದ ಇಸ್ರಾಯೇಲ್ಯರಿಗೆ ದೇವರು ದಿನಾಲೂ ಮನ್ನ ಎಂಬ ಆಹಾರ ಕೊಟ್ಟನು. ಅಂದಂದಿಗೆ ಬೇಕಾದಷ್ಟೇ ಕೂಡಿಸಬೇಕು. ಹೆದರಿ ಮರುದಿನಕ್ಕೆ ಬಚ್ಚಿಟ್ಟವರ ಮನ್ನಕ್ಕೆ ಹುಳ ಬಿತ್ತು. ಆದರೆ ಸಬ್ಬತ್ತಿನ ಹಿಂದಿನ ದಿನ ಎರಡರಷ್ಟು ಕೂಡಿಸಿಟ್ಟರೂ ಅದು ಕೆಡಲಿಲ್ಲ. ಅಂದರೆ ಉಳಿಸಿಡುವುದು ತಪ್ಪಲ್ಲ, ಹೆದರಿಕೆಯಿಂದ ಬಚ್ಚಿಡುವುದು ತಪ್ಪು ಎಂದು ನಾನು ತಿಳಿದುಕೊಂಡಿದ್ದೇನೆ. ನನ್ನ ಸ್ಟೀಲಿನ ಡಬ್ಬಿಗೆ ಹುಳ ಬಿದ್ದಿರಲಿಲ್ಲ. ಬಿದ್ದದ್ದು ಮನಸ್ಸಿಗೆ.

ಸೋಮವಾರ ಬೆಳಿಗ್ಗೆ ಯಜಮಾನರಿಗೆ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೊಟ್ಟುಬಿಡು” ಎಂದರು. ಬಾಕಿ ಎರಡು ತಿಂಗಳ ಪಗಾರ 3,600 ರೂಪಾಯಿ. ಗೇಟಿನ ಬಳಿ ಮಾವಶಿಯನ್ನು ಕರೆಸಿ ಕೊಟ್ಟೆ. ತಡವಾಯಿತು ಎಂದು ಹೇಳುವಾಗ ನನ್ನ ಗಂಟಲು ಕಟ್ಟಿತು. ಅವರು ಎಣಿಸಲೂ ಇಲ್ಲ, ಸೆರಗಿಗೆ ಕಟ್ಟಿಕೊಂಡು ಹೋದರು.

ಆಮೇಲೆ ಆಕಾಶದಿಂದ ಹಣ ಸುರಿಯಿತೆಂದು ನೀವು ಕಾಯುತ್ತಿದ್ದರೆ ಕ್ಷಮಿಸಿ, ಹಾಗೇನೂ ಆಗಲಿಲ್ಲ. ಆ ವಾರವೇ ಗ್ರೈಂಡರ್ ಕೆಳಗಿಳಿಸಿ ದೋಸೆ ಹಿಟ್ಟು ರುಬ್ಬಿ ಸೊಸೈಟಿಯಲ್ಲಿ ಮಾರಲು ಆರಂಭಿಸಿದೆ. ಕಚೇರಿಯ ಖುರ್ಚಿಯಲ್ಲಿ ಕೂತಿದ್ದ ಯಜಮಾನರು ನಾಚಿಕೆ ಬಿಟ್ಟು ಬಾಗಿಲು ಬಾಗಿಲಿಗೆ ಹಿಟ್ಟಿನ ಡಬ್ಬಿ ಮುಟ್ಟಿಸಿದರು. ಮಗನ ಫೀಸಿಗೆ ನನ್ನ ಎರಡು ಬಳೆ ಹೋದವು. ಅವು ಇನ್ನೂ ಮರಳಿ ಬಂದಿಲ್ಲ. 2021ರ ಜನವರಿಯಲ್ಲಿ ಅವರಿಗೆ ಕೆಲಸ ಸಿಕ್ಕಿತು, ಹಳೆಯ ಸಂಬಳದ ಮೂರರಲ್ಲಿ ಎರಡು ಪಾಲಿಗೆ. ಆದರೆ ಮಾವಶಿಗೆ ಹಣ ಕೊಟ್ಟ ಆ ರಾತ್ರಿ, ಎಷ್ಟೋ ವಾರಗಳ ಮೇಲೆ, ನಾನು ಡಬ್ಬಿ ಎಣಿಸದೆ ಮಲಗಿದೆ.

ರಮಾಬಾಯಿಯವರ ನಂಬಿಕೆಗೂ ಸುಖದ ಬಹುಮಾನ ಸಿಗಲಿಲ್ಲ. 1912ರಲ್ಲಿ ನಮ್ಮ ಗುಲ್ಬರ್ಗದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಅವರು ಶಾಲೆ ತೆರೆದಾಗ ಅದನ್ನು ನೋಡಿಕೊಂಡ ಮಗಳು ಮನೋರಮಾ 1921ರಲ್ಲಿ ತೀರಿಕೊಂಡರು. ಆ ದುಃಖದಲ್ಲಿಯೂ ತಾಯಿ ಬೈಬಲಿನ ಮರಾಠಿ ಅನುವಾದದ ಕೆಲಸ ಬಿಡಲಿಲ್ಲ. 1922ರ ಏಪ್ರಿಲ್ 5ರಂದು ಅವರೂ ಹೋದರು. ಮುಕ್ತಿ ಆಶ್ರಮ ಮಾತ್ರ ಇಂದಿಗೂ ನಡೆಯುತ್ತಿದೆ.

ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲಿ ನಾವು ಕೇಳುವುದು ಅಂದಿನ ಆಹಾರವನ್ನು ಮಾತ್ರ, ತಿಂಗಳ ರೇಷನ್ನನ್ನಲ್ಲ. ಚಿಕ್ಕಂದಿನಿಂದ ಬಾಯಿಪಾಠ ಹೇಳಿದ್ದೆ. ಅರ್ಥವಾಗಲು ಐವತ್ತು ವರ್ಷ ಬೇಕಾಯಿತು. ದೇವರನ್ನು ನಂಬುವುದೆಂದರೆ ನಾಳೆ ಎಲ್ಲ ಸರಿಹೋಗುತ್ತದೆ ಎಂಬ ಖಾತ್ರಿಯಲ್ಲ. ನಾಳಿನ ಹೆದರಿಕೆಗೆ ಇಂದಿನ ಕರ್ತವ್ಯವನ್ನು ಬಲಿಕೊಡದಿರುವುದು, ಅಷ್ಟೇ.

ಪ್ರಿಯ ಓದುಗರೇ, ನಿಮ್ಮ ಅಡುಗೆಮನೆಯಲ್ಲಿಯೂ ಅಂಥದೊಂದು ಡಬ್ಬಿ ಇರಬಹುದು. ಇರಲಿ, ಇರಬೇಕು. ಆದರೆ ಬಾಗಿಲಲ್ಲಿ ಯಾರಾದರೂ ತಮ್ಮ ನ್ಯಾಯವಾದ ಪಾಲಿಗಾಗಿ ನಿಂತಿದ್ದರೆ, ‘ನೋಡೋಣ’ ಎನ್ನುವ ಮೊದಲು ಒಂದು ಗಳಿಗೆ ಯೋಚಿಸಿ. ನನ್ನ ಹಾಗೆ ತಡಮಾಡಬೇಡಿ.