ಮುಚ್ಚಿದ ಕಾರ್ಖಾನೆಯ ನೆಲವೂ ಊರ ಭಾವಿಯೂ

ಕಾರ್ಖಾನೆಯ ಬಾಗಿಲು ಮುಚ್ಚಿದೊಡನೆ ಅದರ ಉಪದ್ರವವೂ ತೀರಿತೆಂದು ಅನೇಕರು ತಿಳಿಯುವರು. ವಸ್ತುಸ್ಥಿತಿಯು ಹಾಗಿಲ್ಲ. ನಮ್ಮ ರಾಜ್ಯದ ಕೋಲಾರ ಚಿನ್ನದ ಗಣಿಗಳು 2001ನೆಯ ಇಸವಿಯ ಫೆಬ್ರುವರಿ 28ರಂದು ನಿಂತವು. ಆದರೆ ಅದಿರನ್ನು ಅರೆದು, ಸಯನೈಡಿನಿಂದ ಚಿನ್ನವನ್ನು ತೆಗೆದ ಮೇಲೆ ಚೆಲ್ಲಿದ ಸುಮಾರು 3.3 ಕೋಟಿ ಟನ್ ಹುಡಿಯು 13 ದಿಬ್ಬಗಳಾಗಿ ಅಲ್ಲಿಯೇ ಉಳಿಯಿತು. ಸಯನೈಡು ಬಿಸಿಲು ಗಾಳಿಗಳಿಂದ ಕಾಲಕ್ರಮದಲ್ಲಿ ಬಹುಮಟ್ಟಿಗೆ ಒಡೆದುಹೋಗುವದು. ಲೋಹಗಳು ಹಾಗೆ ನಾಶವಾಗತಕ್ಕವಲ್ಲ. ಬೇಸಿಗೆಯ ಗಾಳಿಯು ಆ ಹುಡಿಯನ್ನು ಸುತ್ತಲಿನ ಹೊಲಮನೆಗಳಿಗೆ ಒಯ್ಯುವದು.

ನೀರಿನ ಮೂಲಕ ಆಗುವ ಹಾನಿಯು ಇದಕ್ಕಿಂತಲೂ ಗುಪ್ತವಾದದ್ದು. ಭೋಪಾಳದ ಕೀಟನಾಶಕ ಕಾರ್ಖಾನೆಯು 1984ರ ಡಿಸೆಂಬರದ ವಿಷವಾಯುವಿನ ದುರಂತದ ತರುವಾಯ ಮುಚ್ಚಿತು. ಅದು ತನ್ನ ಹೊಲಸು ನೀರನ್ನು ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಗಳಲ್ಲಿ ನಿಲ್ಲಿಸುತ್ತಿದ್ದಿತು, ಹಾಳೆಗಳು ಸೋರಿದವು. ಸುತ್ತಲಿನ ಓಣಿಗಳಿಗೆ ಶುದ್ಧಜಲವನ್ನು ಒದಗಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಆಜ್ಞಾಪಿಸಬೇಕಾಯಿತು. ಕಟ್ಟಿಟ್ಟಿದ್ದ 337 ಟನ್ ವಿಷತ್ಯಾಜ್ಯವನ್ನು ಸರಕಾರವು 2025ರ ಜನೆವರಿಯಲ್ಲಿ 12 ಪೆಟ್ಟಿಗೆ ಲಾರಿಗಳಲ್ಲಿ ಪೀಥಂಪುರಕ್ಕೆ ಸಾಗಿಸಿ, ಅದೇ ಜೂನದೊಳಗೆ ಸುಡಿಸಿತು. ಸುಡುವಾಗ ಸುಣ್ಣ ಮೊದಲಾದವನ್ನು ಕೂಡಿಸಿದ್ದರಿಂದ ಬೂದಿಯು 800 ಟನ್ನಿಗೂ ಮೀರಿತು; ಅದನ್ನೂ ಭದ್ರವಾಗಿ ಹೂಳಬೇಕು. ನಾಲ್ವತ್ತು ವರ್ಷಗಳ ತರುವಾಯ ನಡೆದ ಈ ಕಾರ್ಯವು ಚೀಲದಲ್ಲಿದ್ದ ವಿಷಕ್ಕೆ ಮಾತ್ರ ತಗಲಿತು; ನೆಲದೊಳಗೆ ಇಳಿದುಹೋದ ವಿಷಕ್ಕೆ ತಗಲಲಿಲ್ಲ.

ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ಜಮೀನುದಾರರಿಗೆ ಇದರಿಂದೇನು ಎಂದು ಕೇಳಬಹುದು. ಎರೆಭೂಮಿಯು ನೀರನ್ನು ಬೇಗನೆ ಕೆಳಗಿಳಿಯಗೊಡದೆಂಬುದು ನಿಜ. ಆದರೆ ಬೇಸಿಗೆಯಲ್ಲಿ ಅದು ಆಳವಾಗಿ ಬಿರಿಯುವದು, ಮೊದಲ ಮಳೆಯ ನೀರು ಮೇಲಿನ ಹೊಲಸನ್ನೆಲ್ಲ ಎಳೆದುಕೊಂಡು ಆ ಬಿರುಕುಗಳಲ್ಲಿಯೇ ಇಳಿಯುವದು. ಹತ್ತಿಯನ್ನು ಮಾತ್ರ ಹಿಂಜಿದ ಹಳೆಯ ಜಿನ್ನಿನ ನೆಲಕ್ಕೆ ಅಂಜುವ ಕಾರಣವಿಲ್ಲ. ನೂಲಿಗೆ ಬಣ್ಣ ಹಾಕಿದ ತೊಟ್ಟಿ, ಕೀಟನಾಶಕದ ಉಗ್ರಾಣ, ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸಿದ ಜಾಗ, ಇಂಥವುಗಳ ವಿಷಯದಲ್ಲಿ ಮಾತ್ರ ಎಚ್ಚರವಿರತಕ್ಕದ್ದು. ಅಲ್ಲಿಯ ಮಣ್ಣನ್ನಾಗಲಿ ಬೂದಿಯನ್ನಾಗಲಿ ಕೆರೆಯ ಹೂಳಿನಂತೆ ಹೊಲಕ್ಕೆ ಹೇರಬಾರದು, ಒಡ್ಡಿಗೂ ಹಾಕಬಾರದು, ದನಗಳನ್ನು ಮೇಯಿಸಬಾರದು. ಭಾವಿಯ ನೀರು ತಿಳಿಯಾಗಿದೆ, ರುಚಿಯಾಗಿದೆ ಎಂಬುದು ಪರೀಕ್ಷೆಯಲ್ಲ; ಸೀಸಕ್ಕೆ ರುಚಿಯೂ ಇಲ್ಲ, ಬಣ್ಣವೂ ಇಲ್ಲ.

ಕೇಂದ್ರ ಸರಕಾರವು 2025ರ ಜುಲೈಯಲ್ಲಿ ಕಲುಷಿತ ಸ್ಥಳಗಳ ನಿರ್ವಹಣೆಯ ನಿಯಮಗಳನ್ನು ಹೊರಡಿಸಿದೆ. ಇವುಗಳ ಪ್ರಕಾರ ಸಂಶಯಾಸ್ಪದ ಸ್ಥಳಗಳನ್ನು ಗುರುತಿಸುವ ಭಾರವು ಸ್ಥಳೀಯ ಸಂಸ್ಥೆ ಹಾಗೂ ಜಿಲ್ಲಾಡಳಿತದ ಮೇಲಿದ್ದು, ಜನರ ದೂರಿನ ಮೇಲೆಯೂ ಗುರುತಿಸಬಹುದು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು 90 ದಿವಸಗಳಲ್ಲಿ ಪ್ರಾಥಮಿಕ ಪರೀಕ್ಷೆಯನ್ನೂ, ಅವಶ್ಯವಾದರೆ ಮುಂದಿನ ಮೂರು ತಿಂಗಳಲ್ಲಿ ವಿವರವಾದ ಪರೀಕ್ಷೆಯನ್ನೂ ಮಾಡತಕ್ಕದ್ದು. ಶುದ್ಧೀಕರಣದ ವೆಚ್ಚವನ್ನು ಕೆಡಿಸಿದವನೇ ಕೊಡಬೇಕು. ಅವನು ಸಿಗದಿದ್ದರೆ ಅಥವಾ ಅಶಕ್ತನಾದರೆ ಸರಕಾರವು ವಹಿಸುವದು. ಗಣಿಗಾರಿಕೆಯ ಮಲಿನವೂ ಊರ ಕಸದ ತಿಪ್ಪೆಯೂ ಸಾಮಾನ್ಯವಾಗಿ ಈ ನಿಯಮಗಳ ಹೊರಗಿರುವವು. ಕೋಲಾರದ ದಿಬ್ಬಗಳನ್ನು ನೆನೆದರೆ ಇದು ಕೊರತೆಯೆಂದೇ ಹೇಳಬೇಕು.

ಆದುದರಿಂದ ಊರ ಪ್ರಮುಖರು ಅಂಥ ಸ್ಥಳದ ಸರ್ವೆ ನಂಬರು, ಅಲ್ಲಿ ನಡೆದ ಉದ್ಯೋಗ, ಅದು ನಿಂತ ವರ್ಷ, ಸಮೀಪದ ಭಾವಿ ಬೋರುಗಳು, ಮಳೆನೀರು ಹರಿಯುವ ಹಳ್ಳ ಇವಿಷ್ಟನ್ನೂ ಬರೆದು ಪಂಚಾಯತಿಗೆ ಕೊಟ್ಟು, ಪ್ರತಿಯೊಂದನ್ನು ಜಿಲ್ಲಾಧಿಕಾರಿಗಳಿಗೆ ಕಳಿಸಿ, ಮುಟ್ಟಿದ ಬಗ್ಗೆ ರಸೀದಿಯನ್ನು ಪಡೆಯಬೇಕು. ಅಲ್ಲಿ ದುಡಿದ ಹಿರಿಯರು ಬದುಕಿರುವಾಗಲೇ ಅವರನ್ನು ಕೇಳಿಕೊಳ್ಳುವದು ಲೇಸು. ಹೊಂಡವು ಎಲ್ಲಿದ್ದಿತೆಂಬುದನ್ನು ಯಾವ ನಕಾಶೆಯೂ ತೋರಿಸದಿರಬಹುದು.