ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟ್: ಫೀಸು ಕಟ್ಟುವ ಮುನ್ನ

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟ್ ಇದ್ದರೆ ಒಳ್ಳೆ ಕೆಲಸ ಸಿಗುತ್ತದೆ ಎಂದು ಅನೇಕ ಯುವಕ ಯುವತಿಯರು ತರಬೇತಿಗೆ ಸೇರುತ್ತಿದ್ದಾರೆ. ಒಳ್ಳೇದೇ. ಆದರೆ ಮನೆಯವರು ಸಾಲ ಮಾಡಿ ಫೀಸು ಕಟ್ಟಿದ ಮೇಲೆ ಪರೀಕ್ಷೆಗೆ ಕೂರೋ ಅರ್ಹತೆಯೇ ಇಲ್ಲ ಅಂತ ಗೊತ್ತಾದರೆ ಏನು ಪ್ರಯೋಜನ? ಆದ್ದರಿಂದ ಮೊದಲು ನಿಮ್ಮ ಅನುಭವವನ್ನು ತಿಂಗಳ ಲೆಕ್ಕದಲ್ಲಿ ಬರೆದುಕೊಳ್ಳಿ. ಆಯ್ಕೆ ಶುರುವಾಗಬೇಕಾದದ್ದು ಅಲ್ಲಿಂದ.

ಪಿಎಂಪಿ: ಅಮೆರಿಕದಲ್ಲಿ 1969ರಲ್ಲಿ ಆರಂಭವಾದ ಪಿಎಂಐ ಸಂಸ್ಥೆ ಇದನ್ನು ಕೊಡುತ್ತದೆ. ಐಟಿ, ಕಟ್ಟಡ ನಿರ್ಮಾಣ ಕಂಪನಿಗಳಲ್ಲಿ ಇದಕ್ಕೆ ಬೆಲೆಯಿದೆ. ಆದರೆ ಪದವೀಧರರಿಗೆ 36 ತಿಂಗಳು, ಪಿಯುಸಿ ಮಾತ್ರ ಓದಿದವರಿಗೆ 60 ತಿಂಗಳು ಪ್ರಾಜೆಕ್ಟ್ ಮುನ್ನಡೆಸಿದ ಅನುಭವ ಬೇಕು. ಜೊತೆಗೆ 35 ಗಂಟೆಗಳ ತರಬೇತಿ. ಒಂದೇ ತಿಂಗಳಲ್ಲಿ ಎರಡು ಪ್ರಾಜೆಕ್ಟ್ ನೋಡಿಕೊಂಡರೂ ಲೆಕ್ಕಕ್ಕೆ ಬರೋದು ಒಂದೇ ತಿಂಗಳು. ಮ್ಯಾನೇಜರ್ ಎಂಬ ಹುದ್ದೆಯೇ ಇರಬೇಕೆಂದಿಲ್ಲ. ಹಳ್ಳಿಯ ಕುಡಿಯುವ ನೀರಿನ ಯೋಜನೆಯಲ್ಲಿ ಹಣ, ಜನ, ಸಮಯ ಮೂರನ್ನೂ ನಿಭಾಯಿಸಿದ್ದರೆ ಅದೂ ಅನುಭವವೇ. ಕೆಲವು ಅರ್ಜಿಗಳನ್ನು ಆರಿಸಿ ದಾಖಲೆ ಕೇಳುತ್ತಾರೆ, ಇಲ್ಲದ್ದನ್ನು ಬರೆಯಬೇಡಿ. ಪಾಸಾದವರೂ ಪ್ರತಿ 3 ವರ್ಷಕ್ಕೊಮ್ಮೆ ನವೀಕರಿಸಬೇಕು.

ಸಿಎಪಿಎಂ: ಇದೂ ಪಿಎಂಐ ಸಂಸ್ಥೆಯದ್ದೇ. ಅನುಭವ ಬೇಡ, 23 ಗಂಟೆಗಳ ತರಬೇತಿ ಸಾಕು. ಆಗಷ್ಟೇ ಡಿಗ್ರಿ ಮುಗಿಸಿದವರಿಗೆ ಸೂಕ್ತ. ಸಿಎಪಿಎಂ ಚಾಲ್ತಿಯಲ್ಲಿದ್ದರೆ ಮುಂದೆ ಪಿಎಂಪಿಗೆ ಬೇಕಾದ 35 ಗಂಟೆಗಳ ತರಬೇತಿಯಿಂದ ವಿನಾಯಿತಿ ಸಿಗುತ್ತದೆ.

ಪ್ರಿನ್ಸ್2: ಬ್ರಿಟನ್ ಸರಕಾರದ ಕೆಲಸಗಳಿಗಾಗಿ ಬೆಳೆದ ಪದ್ಧತಿ. ಮೊದಲ ಹಂತವಾದ ಫೌಂಡೇಶನ್‌ಗೆ ಅನುಭವ ಕೇಳುವುದಿಲ್ಲ. ಬ್ರಿಟನ್, ಯುರೋಪ್ ಕಡೆ ಕೆಲಸ ಹುಡುಕುವವರು ಇದನ್ನು ಯೋಚಿಸಬಹುದು.

ಪ್ರಾಜೆಕ್ಟ್ ಡಿಪ್ರೊ: ಮೊದಲು ಪಿಎಂಡಿ ಪ್ರೊ ಎನ್ನುತ್ತಿದ್ದರು. ಸ್ವಯಂಸೇವಾ ಸಂಸ್ಥೆಗಳ ಕೆಲಸಕ್ಕೆಂದೇ ರೂಪಿಸಿದ್ದು. ಇದರ ಕೈಪಿಡಿ ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಸಮಾಜಕಾರ್ಯ ಓದಿದವರು ಮೊದಲು ಅದನ್ನು ಓದಿ ನೋಡಲಿ.

ಹಾಗಾದರೆ ಯಾವುದು ಒಳ್ಳೆಯದು? ನೀವು ಸೇರಬೇಕೆಂದಿರುವ ಕೆಲಸದ ಹತ್ತು ಜಾಹೀರಾತುಗಳನ್ನು ಮುಂದಿಟ್ಟುಕೊಂಡು ಅವರು ಏನು ಕೇಳಿದ್ದಾರೆ ನೋಡಿ. ಯಾವ ಸರ್ಟಿಫಿಕೇಟನ್ನೂ ಕೇಳದಿದ್ದರೆ ಸದ್ಯಕ್ಕೆ ಹಣ ಉಳಿಸಿ, ಕೆಲಸಕ್ಕೆ ಸೇರಿ, ಅನುಭವ ಗಳಿಸಿ.

ತರಬೇತಿ ಕೇಂದ್ರದವರನ್ನು ಎರಡು ಪ್ರಶ್ನೆ ತಪ್ಪದೆ ಕೇಳಿ: ಈ ಫೀಸಿನಲ್ಲಿ ಪರೀಕ್ಷಾ ಶುಲ್ಕ ಸೇರಿದೆಯೇ? ನಾನು ಈಗಲೇ ಪರೀಕ್ಷೆಗೆ ಅರ್ಹನೇ, ಅರ್ಹಳೇ? ಉತ್ತರವನ್ನು ಬರಹದಲ್ಲಿ ಪಡೆಯಿರಿ. ತರಬೇತಿ ಮುಗಿದಾಗ ಅವರು ಕೊಡುವ ಹಾಜರಾತಿ ಪತ್ರವೇ ಪಿಎಂಪಿ ಸರ್ಟಿಫಿಕೇಟ್ ಅಲ್ಲ ಎಂಬುದನ್ನು ನೆನಪಿಡಿ.